ತವರವನ್ನು ಬೇಡವೆಂದ ಹರಳುಗಳು

ಭೂಕವಚದ ಒಂದು ಟನ್ ಕಲ್ಲನ್ನು ಕುಟ್ಟಿ ಪುಡಿಮಾಡಿ, ಅದರಲ್ಲಿರುವ ತವರವನ್ನೆಲ್ಲ ಬೇರ್ಪಡಿಸಿದರೆ ಸರಾಸರಿ ಸಿಗುವುದು ಸುಮಾರು 2 ಗ್ರಾಂ. ಗಟ್ಟಿ ಬಂಡೆಯಿಂದ ತವರ ತೆಗೆಯುವ ಗಣಿ ನಡೆಯಬೇಕಾದರೆ ಅದೇ ಒಂದು ಟನ್‌ನಲ್ಲಿ ಸಾಮಾನ್ಯವಾಗಿ 5 ಕಿಲೋ ಆಸುಪಾಸಾದರೂ ಇರಬೇಕು. ಎಂದರೆ ಭೂಮಿಯೊಳಗೆ ಎಲ್ಲೋ ಒಂದು ಕಡೆ ಈ ಲೋಹ ಎರಡೂವರೆ ಸಾವಿರ ಪಟ್ಟು ಒಟ್ಟುಗೂಡಿರಬೇಕು. ಇಷ್ಟು ಚೆದುರಿಹೋದ ಧಾತುವೊಂದು ಒಂದೆಡೆ ಸೇರಿದ್ದು ಹೇಗೆ?

ಈ ಪ್ರಶ್ನೆ ಬರೀ ಪಂಡಿತರದ್ದಲ್ಲ. ತಾಮ್ರದ ಪಾತ್ರೆಗೆ ಕಲಾಯಿ ಹಾಕಲು ಬೇಕಾದದ್ದು ತವರ. ತಾಮ್ರ ಕಂಚಾಗಲು ಬೇಕಾದದ್ದು ತವರ. ಇವತ್ತು ಜಗತ್ತಿನ ಗಣಿಗಳಿಂದ ವರ್ಷಕ್ಕೆ ಸುಮಾರು 3 ಲಕ್ಷ ಟನ್ ತವರ ಬರುತ್ತದೆ. ಬಳಕೆಯಾಗುವ ತವರದಲ್ಲಿ ಹೆಚ್ಚುಕಡಿಮೆ ಅರ್ಧ ಹೋಗುವುದು ಬೆಸುಗೆಗೆ. ಮೊಬೈಲು, ಟಿವಿ, ಸೋಲಾರ್ ಫಲಕ, ಆಸ್ಪತ್ರೆಯ ಯಂತ್ರ, ಯಾವುದನ್ನು ಬಿಚ್ಚಿ ನೋಡಿದರೂ ಒಳಗಿನ ಸಣ್ಣ ಸಣ್ಣ ಭಾಗಗಳನ್ನು ಹಲಗೆಗೆ ಹಿಡಿದು ಕೂರಿಸಿರುವುದು ತವರವೇ. ಲಿಥಿಯಂ, ಕೋಬಾಲ್ಟ್‌ಗಳ ಬಗ್ಗೆ ದಿನವೂ ಮಾತಾಡುವ ನಾವು ಇದನ್ನು ಮರೆತಿದ್ದೇವೆ.

ತವರದ ದೊಡ್ಡ ನಿಕ್ಷೇಪಗಳು ಬಹುತೇಕ ಗ್ರಾನೈಟ್ ಶಿಲೆಯ ಒಡನಾಟದಲ್ಲೇ ಇವೆ. ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್, ಜರ್ಮನಿ-ಚೆಕ್ ಗಡಿಯ ಎರ್ಟ್ಸ್‌ಗೆಬಿರ್ಗೆ ಬೆಟ್ಟಸಾಲು, ಮ್ಯಾನ್ಮಾರ್‌ನಿಂದ ಥಾಯ್ಲೆಂಡ್, ಮಲೇಷ್ಯಾ ಹಾದು ಇಂಡೋನೇಷ್ಯಾದ ಬಂಕಾ ದ್ವೀಪದವರೆಗಿನ ಪಟ್ಟಿ, ಎಲ್ಲೆಡೆಯೂ ಇದೇ ಕಥೆ. ಆದರೆ ತಿರುಗಿಸಿ ಕೇಳಿ ನೋಡಿ: ಗ್ರಾನೈಟ್ ಇರುವಲ್ಲೆಲ್ಲ ತವರ ಇದೆಯೇ? ಇಲ್ಲ. ಗ್ರಾನೈಟ್ ಭೂಖಂಡಗಳ ತುಂಬ ಇದೆ, ತವರ ಬೆರಳೆಣಿಕೆಯ ಕಡೆ ಮಾತ್ರ. ಹೊರನೋಟಕ್ಕೆ ಎಲ್ಲವೂ ಒಂದೇ. ಅದೇ ಬೆಣಚು, ಅದೇ ಫೆಲ್ಡ್‌ಸ್ಪಾರ್, ಅದೇ ಅಭ್ರಕ. ಹಾಗಾದರೆ ವ್ಯತ್ಯಾಸ ಎಲ್ಲಿದೆ?

ತವರ ಸಿಗುವ ಜಾಗದಲ್ಲಿ ಮೊದಲಿನಿಂದಲೂ ತವರ ಹೆಚ್ಚಿತ್ತು ಎನ್ನುವುದು ಸುಲಭಕ್ಕೆ ಹೊಳೆಯುವ ಉತ್ತರ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಕಳೆದ ಐವತ್ತು ವರ್ಷಗಳಲ್ಲಿ ಗ್ರಾನೈಟ್‌ನ ಖನಿಜಗಳನ್ನು ಒಂದೊಂದಾಗಿ ಕೆದಕಿ ನೋಡಿದವರು ಹೇಳುವ ಮುಖ್ಯ ಮಾತು ಬೇರೆ. ಒಂದು ಗ್ರಾನೈಟ್ ತವರದ ತಾಯಿಯಾಗುವುದು ಅದರ ಹರಳುಗಳು ತವರವನ್ನು ಹೀರಿಕೊಂಡಿದ್ದರಿಂದ ಅಲ್ಲ, ಬೇಡವೆಂದು ಹೊರಗೆ ಬಿಟ್ಟಿದ್ದರಿಂದ. ನನಗೆ ಭೂವಿಜ್ಞಾನದ ಅತ್ಯಂತ ಸೊಗಸಾದ ವಿಚಾರಗಳಲ್ಲಿ ಒಂದಾಗಿ ಕಾಣುವುದು ಇದು.

ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನಾಗರವನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಟ್ಟಿ ನಿಲ್ಲಿಸಿದ ಸಮುದ್ರದ ನೀರು ಬಿಸಿಲಿಗೆ ಆರುತ್ತಾ ಬಂದಂತೆ ಉಪ್ಪು ಹರಳುಗಟ್ಟುತ್ತದೆ. ನೀರಿನಲ್ಲಿದ್ದ ಮೆಗ್ನೀಸಿಯಂಗೆ ಆ ಹರಳಿನೊಳಗೆ ಜಾಗವಿಲ್ಲ. ಉಪ್ಪು ಹೆಚ್ಚು ಹೆಚ್ಚು ಕೂತಂತೆ ಉಳಿದ ನೀರು ಕಹಿಯಾಗುತ್ತಾ, ಮೆಗ್ನೀಸಿಯಂನಿಂದ ದಟ್ಟವಾಗುತ್ತಾ ಹೋಗುತ್ತದೆ. ಭೂಮಿಯ ಹಲವು ಕಿಲೋಮೀಟರ್ ಆಳದಲ್ಲಿ ಕರಗಿದ ಶಿಲಾಪಾಕ ತಣಿಯುವಾಗಲೂ ಆಗುವುದು ಇಷ್ಟೇ. ಮೊದಲು ಕೆಲವು ಖನಿಜಗಳು ಹರಳಾಗಿ ಕೂರುತ್ತವೆ, ಆಮೇಲೆ ಇನ್ನು ಕೆಲವು. ಹರಳಿಗೆ ಒಗ್ಗುವ ಧಾತುಗಳು ಹರಳಿಗೆ ಸೇರುತ್ತವೆ. ಒಗ್ಗದವು ಉಳಿದ ಪಾಕದಲ್ಲಿ ಕೂಡಿಕೊಳ್ಳುತ್ತಾ ಹೋಗುತ್ತವೆ. ಪಾಕದ ನೂರರಲ್ಲಿ ತೊಂಬತ್ತೈದು ಪಾಲು ಗಟ್ಟಿಯಾದ ಮೇಲೆ ಉಳಿದ ಐದು ಪಾಲಿನಲ್ಲಿ, ಒಗ್ಗದ ಧಾತುವೊಂದರ ಪ್ರಮಾಣ ಇಪ್ಪತ್ತು ಪಟ್ಟಿನ ಹತ್ತಿರ ಬಂದಿರುತ್ತದೆ.

ತವರದ ವಿಚಿತ್ರವೇನೆಂದರೆ ಅದು ಒಗ್ಗುವ ಧಾತುವೂ ಹೌದು, ಒಗ್ಗದ ಧಾತುವೂ ಹೌದು. ಯಾವುದಾಗುತ್ತದೆ ಎಂಬುದನ್ನು ನಿರ್ಧರಿಸುವುದು ಆಮ್ಲಜನಕ. ಪಾಕದಲ್ಲಿ ಆಮ್ಲಜನಕದ ಪ್ರಭಾವ ಹೆಚ್ಚಿದ್ದರೆ ತವರದ ಪರಮಾಣು ನಾಲ್ಕು ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡು ಚಿಕ್ಕದಾಗುತ್ತದೆ. ಗಾತ್ರದಲ್ಲೂ ವಿದ್ಯುದಾವೇಶದಲ್ಲೂ ಅದು ಆಗ ಟೈಟಾನಿಯಂಗೆ, ಒಂದು ಮಟ್ಟಿಗೆ ಕಬ್ಬಿಣಕ್ಕೂ ಹತ್ತಿರ. ಟೈಟನೈಟ್, ಮ್ಯಾಗ್ನೆಟೈಟ್‌ನಂಥ ಖನಿಜಗಳು ಅದನ್ನು ತಮ್ಮ ಚೌಕಟ್ಟಿನಲ್ಲಿ ಕೂರಿಸಿಕೊಳ್ಳುತ್ತವೆ. ಒಂದು ಹರಳಿಗೆ ಚಿಟಿಕೆ, ಇನ್ನೊಂದಕ್ಕೆ ಚಿಟಿಕೆ, ಹೀಗೆ ಇಡೀ ಬೆಟ್ಟದ ತುಂಬ ತವರ ಹಂಚಿಹೋಗುತ್ತದೆ. ಅಲ್ಲಿಗೆ ನಿಕ್ಷೇಪದ ಆಸೆ ಮುಗಿಯಿತು. ಆಮ್ಲಜನಕದ ಪ್ರಭಾವ ಕಡಿಮೆಯಿದ್ದರೆ ತವರ ಎರಡೇ ಎಲೆಕ್ಟ್ರಾನ್ ಕಳೆದುಕೊಂಡು ದೊಡ್ಡದಾಗಿಯೇ ಉಳಿಯುತ್ತದೆ. ಆಗ ಅದಕ್ಕೆ ಈ ಯಾವ ಹರಳಿನಲ್ಲೂ ಸರಿಯಾದ ಜಾಗವಿಲ್ಲ. ಪಾಕದ ಕೊನೆಯ ಹನಿಯವರೆಗೂ ಅದು ಅಲೆಯುತ್ತದೆ.

ಈ ಭೇದವನ್ನು ಕಣ್ಣಿಗೆ ಕಾಣುವಂತೆ ಮಾಡಿದವರು ಜಪಾನಿನ ಭೂವಿಜ್ಞಾನಿ ಶುನ್ಸೊ ಇಶಿಹಾರಾ. 1977ರಲ್ಲಿ ಅವರು ಗ್ರಾನೈಟ್‌ಗಳನ್ನು ಎರಡು ಸರಣಿಗಳಾಗಿ ವಿಂಗಡಿಸಿದರು. ಒಂದರಲ್ಲಿ ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್ ಇರುತ್ತದೆ, ಗಾತ್ರದ ಲೆಕ್ಕದಲ್ಲಿ 0.1ರಿಂದ 2 ಪ್ರತಿಶತ. ಇನ್ನೊಂದರಲ್ಲಿ ಅದು ಇಲ್ಲ. ಬದಲಿಗೆ ಇಲ್ಮನೈಟ್ ಇರುತ್ತದೆ, ಅದೂ 0.1 ಪ್ರತಿಶತಕ್ಕಿಂತ ಕಡಿಮೆ. ಕೇಳಿದರೆ ಏನೂ ಅಲ್ಲದ ವ್ಯತ್ಯಾಸ. ಆದರೆ ಜಪಾನಿನ ನಕ್ಷೆಯ ಮೇಲೆ ಇಟ್ಟಾಗ ಮಾಲಿಬ್ಡಿನಂ ಗಣಿಗಳು ಒಂದು ಸರಣಿಯ ಜೊತೆ, ತವರ ಮತ್ತು ಟಂಗ್‌ಸ್ಟನ್ ಗಣಿಗಳು ಇನ್ನೊಂದು ಸರಣಿಯ ಜೊತೆ ಬೇರೆ ಬೇರೆಯಾಗಿ ನಿಂತವು. ತವರ ಇದ್ದದ್ದು ಇಲ್ಮನೈಟ್ ಸರಣಿಯ ಕಡೆ. ಮ್ಯಾಗ್ನೆಟೈಟ್ ಹುಟ್ಟಲು ಆಮ್ಲಜನಕ ಬೇಕು. ಅದು ಇಲ್ಲದಿರುವುದೇ ಪಾಕದಲ್ಲಿ ಆಮ್ಲಜನಕದ ಕೊರತೆಯಿತ್ತು ಎಂಬುದಕ್ಕೆ ಗುರುತು. ಈ ಕೊರತೆ ಬಂದದ್ದೆಲ್ಲಿಂದ? ಕರಗಿ ಪಾಕವಾದ ಹಳೆಯ ಸಮುದ್ರತಳದ ಕೆಸರಿನಲ್ಲಿ ಸಿಕ್ಕಿಕೊಂಡಿದ್ದ ಇಂಗಾಲದಿಂದ ಎಂದು ಇಶಿಹಾರಾ ಸೂಚಿಸಿದರು. ಕೈಯಲ್ಲಿ ಹಿಡಿಯುವ ಪುಟ್ಟ ಕಾಂತೀಯ ಮಾಪಕವೊಂದನ್ನು ಬಂಡೆಗೆ ಒತ್ತಿ, ಇದು ಯಾವ ಸರಣಿ ಎಂದು ಸ್ಥಳದಲ್ಲೇ ಹೇಳುವ ದಾರಿ ಅಂದಿನಿಂದ ತೆರೆಯಿತು.

ಕಾಂತೀಯ ಮಾಪಕ ಹೇಳುವುದು ಕಥೆಯ ಮೊದಲ ಸಾಲು ಮಾತ್ರ. ಪಾಕ ಎಷ್ಟು ದೂರದವರೆಗೆ ಹರಳುಗಟ್ಟುತ್ತಾ ಸಾಗಿತು, ಕೊನೆಯ ಹನಿಯವರೆಗೂ ಹೋಯಿತೇ ಅಥವಾ ಅರ್ಧದಲ್ಲೇ ಹೆಪ್ಪುಗಟ್ಟಿತೇ ಎಂಬುದಕ್ಕೆ ಅಭ್ರಕವನ್ನು ಕೇಳಬೇಕು. ನಮ್ಮ ಹಳ್ಳಿಗಳಲ್ಲಿ ಕಾಗೆಬಂಗಾರ ಎಂದು ಮಕ್ಕಳು ಹೆಕ್ಕುವ ಹಾಳೆ ಹಾಳೆಯ ಖನಿಜ. ಅದರ ಹಾಳೆಗಳ ನಡುವೆ ಪೊಟ್ಯಾಸಿಯಂ ಕೂತಿರುತ್ತದೆ. ರುಬಿಡಿಯಂ ಎಂಬ ಸ್ವಲ್ಪ ದೊಡ್ಡ ಧಾತು ಅದೇ ಜಾಗಕ್ಕೆ ಬರಬಲ್ಲದು, ಆದರೆ ತಡವಾಗಿ ಬರುತ್ತದೆ. ಹಾಗಾಗಿ ಪಾಕ ಮುಂದುವರಿದಷ್ಟೂ ಪೊಟ್ಯಾಸಿಯಂ-ರುಬಿಡಿಯಂ ಅನುಪಾತ ಇಳಿಯುತ್ತದೆ. ಸಾಮಾನ್ಯ ಗ್ರಾನೈಟ್‌ಗಳಲ್ಲಿ 200ಕ್ಕಿಂತ ಮೇಲಿರುವ ಈ ಅಂಕಿ ತವರದ ಗ್ರಾನೈಟ್‌ಗಳಲ್ಲಿ 100ಕ್ಕಿಂತ ಕೆಳಗೆ ಬಂದಿರುವುದು ವಾಡಿಕೆ. ಜೊತೆಗೆ ಅಭ್ರಕದ ಜಾತಿಯೇ ಬದಲಾಗುತ್ತದೆ. ಕಬ್ಬಿಣದ ಕರಿ ಅಭ್ರಕ ಹೋಗಿ ಲಿಥಿಯಂ, ಫ್ಲೋರಿನ್ ತುಂಬಿದ ಅಭ್ರಕ ಬರುತ್ತದೆ. ಅದರಲ್ಲಿ ಒಂದು ಬಗೆಗೆ ಜಿನ್ವಾಲ್ಡೈಟ್ ಎಂಬ ಹೆಸರು ಬಂದದ್ದೇ ಎರ್ಟ್ಸ್‌ಗೆಬಿರ್ಗೆಯ ತವರದ ಗಣಿಯೂರು ಜಿನ್‌ವಾಲ್ಡ್‌ನಿಂದ.

ಫ್ಲೋರಿನ್ ಮತ್ತು ಬೋರಾನ್‌ಗಳಿಗೆ ಇಲ್ಲಿ ಇನ್ನೊಂದು ದೊಡ್ಡ ಕೆಲಸವಿದೆ. ಇವು ಸೇರಿದ ಪಾಕ ಬೇಗ ಗಟ್ಟಿಯಾಗುವುದಿಲ್ಲ. ಸಾಮಾನ್ಯ ಗ್ರಾನೈಟ್ ಪಾಕ ಕಲ್ಲಾಗಿ ಹೋಗುವಂಥ ಉಷ್ಣತೆಯಲ್ಲೂ, 600 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೂ, ಇವುಗಳಿರುವ ಪಾಕ ಹರಿಯುತ್ತಿರಬಲ್ಲದು. ತವರಕ್ಕೆ ಒಟ್ಟುಗೂಡಲು ಇನ್ನಷ್ಟು ಕಾಲ ಸಿಕ್ಕಿತು ಎಂದೇ ಅರ್ಥ. ಗ್ರಾನೈಟ್‌ನಲ್ಲಿ ಪುಷ್ಯರಾಗದ ಹರಳು ಕಂಡರೆ ಫ್ಲೋರಿನ್ ಇತ್ತೆಂದೂ, ಕಪ್ಪು ಕಡ್ಡಿಗಳಂಥ ಟೂರ್ಮಲಿನ್ ಕಂಡರೆ ಬೋರಾನ್ ಇತ್ತೆಂದೂ ತಿಳಿಯಬೇಕು. ಕಾರ್ನ್‌ವಾಲ್‌ನಲ್ಲಿ ಎರಡೂ ಇವೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಅಭ್ರಕ ಮೆತ್ತನೆಯ ಖನಿಜ. ಆಮೇಲೆ ಹರಿದ ಬಿಸಿನೀರು ಅದನ್ನು ಬದಲಿಸಿಬಿಡಬಹುದು. ಆಗ ನಾವು ಓದುತ್ತಿರುವುದು ಪಾಕದ ಕಥೆಯೋ ನೀರಿನ ಕಥೆಯೋ ಎಂಬ ಅನುಮಾನ. ಅದಕ್ಕೇ ಎಲ್ಲರೂ ಜಿರ್ಕಾನ್ ಕಡೆ ತಿರುಗುತ್ತಾರೆ. ಹೆಚ್ಚಾಗಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಈ ಹರಳು ಕರಗಲೊಲ್ಲದು, ಸವೆಯಲೊಲ್ಲದು. ಒಳಗೆ ಸೇರಿದ ಯುರೇನಿಯಂ ತಿಳಿದ ವೇಗದಲ್ಲಿ ಸೀಸವಾಗುತ್ತಾ ಹೋಗುವುದರಿಂದ ಅದರ ವಯಸ್ಸು ಗೊತ್ತಾಗುತ್ತದೆ. ಅದರಾಚೆಗೂ ಅದು ಹೇಳುವುದು ಬಹಳ ಇದೆ.

ಜಿರ್ಕಾನ್ ತನ್ನ ಜಿರ್ಕೋನಿಯಂ ಜಾಗದಲ್ಲಿ ಸೀರಿಯಂ ಎಂಬ ಧಾತುವನ್ನು ಕೂರಿಸಿಕೊಳ್ಳಬಲ್ಲದು, ಆದರೆ ಆ ಸೀರಿಯಂ ನಾಲ್ಕು ಎಲೆಕ್ಟ್ರಾನ್ ಕಳೆದುಕೊಂಡಿದ್ದರೆ ಮಾತ್ರ ಸಲೀಸಾಗಿ. ಹಾಗೆ ಕಳೆದುಕೊಳ್ಳಲು ಪಾಕದಲ್ಲಿ ಆಮ್ಲಜನಕದ ಬಲ ಬೇಕು. ಆದ್ದರಿಂದ ಜಿರ್ಕಾನ್‌ನಲ್ಲಿ ಸೀರಿಯಂ ವಿಪರೀತ ಹೆಚ್ಚಿದ್ದರೆ ಪಾಕ ಆಮ್ಲಜನಕದ ಸಮೃದ್ಧಿಯಲ್ಲಿತ್ತು, ಆ ಹೆಚ್ಚಳ ತೀರ ಸಣ್ಣದಾಗಿದ್ದರೆ ಕೊರತೆಯಲ್ಲಿತ್ತು. ತವರದ ಗ್ರಾನೈಟ್‌ಗಳ ಜಿರ್ಕಾನ್ ಎರಡನೆಯ ಬಗೆಯದು. ಯುರೋಪಿಯಂ ಎಂಬ ಇನ್ನೊಂದು ಧಾತುವನ್ನು ಫೆಲ್ಡ್‌ಸ್ಪಾರ್ ಹೀರಿಕೊಳ್ಳುತ್ತದೆ. ಬಹಳಷ್ಟು ಫೆಲ್ಡ್‌ಸ್ಪಾರ್ ಮೊದಲೇ ಹರಳಾಗಿ ಹೋಗಿದ್ದರೆ ಆಮೇಲೆ ಬೆಳೆದ ಜಿರ್ಕಾನ್‌ಗೆ ಯುರೋಪಿಯಂ ಉಳಿದಿರುವುದಿಲ್ಲ. ಜಿರ್ಕೋನಿಯಂಗೂ ಹಾಫ್ನಿಯಂಗೂ ಇರುವ ಅನುಪಾತ ಇಳಿದಷ್ಟೂ ಪಾಕ ಮುಂದುವರಿದಿತ್ತು ಎಂದರ್ಥ. ಹಾಫ್ನಿಯಂನ ಐಸೋಟೋಪುಗಳು ಪಾಕ ಬಂದದ್ದು ಹಳೆಯ ಭೂಕವಚದಿಂದಲೋ ಕೆಳಗಿನ ಮ್ಯಾಂಟಲ್‌ನಿಂದಲೋ ಎಂಬುದನ್ನು ಹೇಳುತ್ತವೆ. ಕೆಲವು ಜಿರ್ಕಾನ್‌ಗಳ ನಡುಮಧ್ಯೆ ಅದಕ್ಕಿಂತ ಬಹಳ ಹಳೆಯ ಜಿರ್ಕಾನ್‌ನ ತಿರುಳೊಂದು ಸಿಗುತ್ತದೆ. ಕರಗಿಹೋದ ಕೆಸರುಕಲ್ಲಿನಲ್ಲಿದ್ದ ಮರಳಿನ ಕಣ ಅದು, ಶಿಲಾಪಾಕದ ಬೇಗೆಯನ್ನೂ ದಾಟಿ ಉಳಿದದ್ದು. ಸುಮಾರು 30 ಮೈಕ್ರೋಮೀಟರ್ ಅಗಲದ ಲೇಸರ್ ಕಿರಣ ಬಿಟ್ಟು ಹರಳಿನ ಒಂದು ಚುಕ್ಕೆಯನ್ನು ಆವಿ ಮಾಡಿ, ಆ ಆವಿಯನ್ನು ತೂಗಿ ಇದನ್ನೆಲ್ಲ ಓದುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಬೇಕು. ಕೊನೆಯ ಹನಿಯ ಪಾಕದಲ್ಲಿ ಯುರೇನಿಯಂ ಕೂಡ ಒಟ್ಟುಗೂಡಿರುತ್ತದೆ. ಅಲ್ಲಿ ಬೆಳೆದ ಜಿರ್ಕಾನ್ ತನ್ನೊಳಗಿನ ವಿಕಿರಣದಿಂದಲೇ ಕೋಟಿಗಟ್ಟಲೆ ವರ್ಷಗಳಲ್ಲಿ ಜರ್ಜರಿತವಾಗಿ, ಬಿರುಕಿನಲ್ಲಿ ನೀರು ಹೊಕ್ಕು ಕೆಟ್ಟಿರಬಹುದು. ಹಾಗಾಗಿ ನಮಗೆ ಹೆಚ್ಚು ಬೇಕಾದ ಗ್ರಾನೈಟ್‌ನಲ್ಲೇ ಜಿರ್ಕಾನ್ ಹೆಚ್ಚು ಅನುಮಾನಾಸ್ಪದ. ಒಂದೇ ಖನಿಜವನ್ನು ನಂಬಿ ತೀರ್ಪು ಕೊಡುವ ಪ್ರಬಂಧಗಳ ಬಗ್ಗೆ ನನಗೆ ಭರವಸೆ ಕಡಿಮೆ. ಜಿರ್ಕಾನ್, ಅಭ್ರಕ, ಅಪಟೈಟ್, ಬೆಣಚು ಮೂರ್ನಾಲ್ಕೂ ಒಂದೇ ಮಾತು ಹೇಳಿದಾಗ ಒಪ್ಪಬಹುದು.

ಪಾಕದಲ್ಲಿ ಎಷ್ಟೇ ತವರ ಕೂಡಲಿ, ಅದಿನ್ನೂ ಅದಿರಲ್ಲ. ತವರದ ಮುಖ್ಯ ಅದಿರಾದ ಕ್ಯಾಸಿಟರೈಟ್ ಬಹುಪಾಲು ಬಿರುಕುಗಳಲ್ಲಿ, ಬೆಣಚಿನ ನಾಳಗಳಲ್ಲಿ ಕೂತಿರುತ್ತದೆ. ಪಾಕದಿಂದ ಅಲ್ಲಿಗೆ ಅದನ್ನು ಹೊತ್ತು ತಂದದ್ದು ನೀರು. ಪಾಕ ಮೇಲಕ್ಕೆ ಏರಿ ಒತ್ತಡ ಇಳಿದಾಗ, ಹರಳುಗಳು ಹೆಚ್ಚಿ ಜಾಗ ಕಡಿಮೆಯಾದಾಗ, ಅದರಲ್ಲಿ ಕರಗಿದ್ದ ನೀರು ಗುಳ್ಳೆಗಳಾಗಿ ಬೇರ್ಪಡುತ್ತದೆ. ಆ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ತವರ ಕ್ಲೋರಿನ್ ಜೊತೆ ಕೂಡಿ ಉಪ್ಪುನೀರಿನಲ್ಲಿ ಹೊರಡುತ್ತದೆ. ಪಾಕದ ಆಳ್ವಿಕೆ ಮುಗಿದು ನೀರಿನ ಆಳ್ವಿಕೆ ಶುರುವಾಗುವ ಈ ಹಂತಕ್ಕೂ ಗುರುತು ಉಂಟು. ನಿಯೋಬಿಯಂ ಮತ್ತು ಟ್ಯಾಂಟಲಂ ರಾಸಾಯನಿಕವಾಗಿ ಅಣ್ಣತಮ್ಮಂದಿರಂಥ ಧಾತುಗಳು. ಅವುಗಳ ಅನುಪಾತ 5ಕ್ಕಿಂತ ಕೆಳಗಿಳಿದ ಗ್ರಾನೈಟ್‌ಗಳಲ್ಲಿ ಬಿಸಿನೀರಿನ ಕೈವಾಡ ಕಾಣುತ್ತದೆ, ತವರ-ಟಂಗ್‌ಸ್ಟನ್ ನಿಕ್ಷೇಪಗಳೂ ಅಂಥವುಗಳ ಜೊತೆ ಹೆಚ್ಚು ಎಂದು ಫ್ರಾನ್ಸಿನ ಸಂಶೋಧಕರು 2016ರಲ್ಲಿ ತೋರಿಸಿದರು.

ಆ ಉಪ್ಪುನೀರು ತವರವನ್ನು ಕೆಳಗಿಳಿಸಿದ್ದು ಯಾಕೆ, ಯಾವಾಗ? ಇದಕ್ಕೆ ಉತ್ತರ ಸಿಕ್ಕ ಪ್ರಸಂಗ ಬಿಡಿಸಿ ಹೇಳುವಂಥದ್ದು. ಬೆಣಚಿನ ಹರಳು ಬೆಳೆಯುವಾಗ ಸುತ್ತಲಿನ ದ್ರವದ ಕಣಗಳು ಅದರೊಳಗೆ ಸಿಕ್ಕಿಕೊಳ್ಳುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪುಟ್ಟ ಕುಳಿಯಲ್ಲಿ ನೀರು, ಅದರಲ್ಲೊಂದು ಗುಳ್ಳೆ, ಕೆಲವೊಮ್ಮೆ ಘನಾಕೃತಿಯ ಉಪ್ಪಿನ ಹರಳು. ಕೋಟ್ಯಂತರ ವರ್ಷಗಳ ಹಿಂದಿನ ದ್ರವ ಹಾಗೇ ಬೀಗ ಹಾಕಿದಂತೆ ಉಳಿದಿರುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಮೋಲ್ ಗ್ರಾನೈಟ್ ಎಂಬ ಶಿಲಾರಾಶಿಯಿದೆ. ಅದರ ಯಾಂಕೀ ಲೋಡ್ ಎಂಬ ತವರದ ನಾಳದಲ್ಲಿ ಸಿಕ್ಕ ಬೆಣಚಿನ ಹರಳುಗಳನ್ನು ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯಲ್ಲಿ ಆಂಡ್ರಿಯಾಸ್ ಆಡೆಟಾ, ಡೆಟ್ಲೆಫ್ ಗುಂಥರ್ ಮತ್ತು ಕ್ರಿಸ್ಟೋಫ್ ಹೈನ್ರಿಕ್ ಪರೀಕ್ಷೆಗೆ ಒಡ್ಡಿದರು. ಹರಳು ಒಳಗಿನಿಂದ ಹೊರಕ್ಕೆ ಪದರ ಪದರವಾಗಿ ಬೆಳೆದಿತ್ತು. ಒಂದೊಂದು ಪದರದಲ್ಲಿ ಸಿಕ್ಕಿಕೊಂಡ ದ್ರವವನ್ನು ಲೇಸರ್‌ನಿಂದ ತೆರೆದು, ಬೆಳವಣಿಗೆಯ ಕ್ರಮದಲ್ಲೇ ಅಳೆದರು.

ಒಳಗಿನ ಪದರಗಳ ದ್ರವದಲ್ಲಿ ತವರ ತುಂಬಿತ್ತು. ಹೊರಗೆ ಬರುತ್ತಾ ಒಂದು ಹಂತದಲ್ಲಿ ಅದು ಥಟ್ಟನೆ ಕುಸಿದಿತ್ತು. ಅದೇ ಹಂತದಲ್ಲಿ ದ್ರವದ ಉಪ್ಪಿನಂಶವೂ ಇಳಿಯತೊಡಗಿತ್ತು. ಮೇಲಿನಿಂದ, ಮಳೆಯಾಗಿ ಇಂಗಿದ ತಣ್ಣನೆಯ ಅಂತರ್ಜಲ ಬಂದು ಬೆರೆತಿತ್ತು! ಬರೀ ನೀರು ಬೆರೆತು ತೆಳುವಾಗಿದ್ದರೆ ಎಲ್ಲ ಧಾತುಗಳೂ ಒಂದೇ ಪ್ರಮಾಣದಲ್ಲಿ ಇಳಿಯಬೇಕಿತ್ತು. ತವರ ಮಾತ್ರ ಅದಕ್ಕಿಂತ ಬಹಳ ವೇಗವಾಗಿ ಇಳಿದಿತ್ತು, ಏಕೆಂದರೆ ಅದು ಅಷ್ಟರಲ್ಲಿ ಕ್ಯಾಸಿಟರೈಟ್ ಆಗಿ ಗೋಡೆಗೆ ಕೂರತೊಡಗಿತ್ತು. 1998ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಆ ಪ್ರಬಂಧದಿಂದ ಅದಿರು ಹುಟ್ಟಿದ ಗಳಿಗೆಯನ್ನು ಮೊದಲ ಬಾರಿಗೆ ಹೀಗೆ ಹೆಜ್ಜೆ ಹೆಜ್ಜೆಯಾಗಿ ನೋಡಿದಂತಾಯಿತು. ಪಾಕದಲ್ಲಿ ಆಮ್ಲಜನಕದ ಕೊರತೆಯೇ ತವರವನ್ನು ಕಾಪಾಡಿತ್ತು. ಕೊನೆಗೆ ಅದನ್ನು ಕಲ್ಲಾಗಿ ನಿಲ್ಲಿಸಲು ಉತ್ಕರ್ಷಣೆ ಬೇಕಾಯಿತು. ಕ್ಯಾಸಿಟರೈಟ್ ಎಂದರೆ ಒಂದು ತವರಕ್ಕೆ ಎರಡು ಆಮ್ಲಜನಕ ಸೇರಿದ ಆಕ್ಸೈಡ್ ತಾನೆ. ಅದು ಹುಟ್ಟುವಾಗ ದ್ರವಕ್ಕೆ ಆಮ್ಲ ಬಿಡುತ್ತದೆ. ಆ ಆಮ್ಲವನ್ನು ಸುತ್ತಲಿನ ಫೆಲ್ಡ್‌ಸ್ಪಾರ್ ನುಂಗಿ, ತಾನು ಬೆಣಚು ಮತ್ತು ಬಿಳಿ ಅಭ್ರಕವಾಗಿ ಬದಲಾಗುತ್ತದೆ. ಗಣಿಗಾರರು ಗ್ರೈಸನ್ ಎಂದು ಕರೆಯುವ ಬೂದು ಬಣ್ಣದ ಕಲ್ಲು ಹೀಗೆ ಹುಟ್ಟಿದ್ದು. ಅದನ್ನು ಕಂಡರೆ ತವರ ಹತ್ತಿರವಿದೆ ಎಂದು ಜರ್ಮನಿಯ ಗಣಿಯೂರುಗಳ ಜನ ರಸಾಯನಶಾಸ್ತ್ರ ಹುಟ್ಟುವ ಮೊದಲೇ ತಿಳಿದಿದ್ದರು.

ಈ ತಿಳಿವಳಿಕೆ ಹಿಡಿದು ಕಾರ್ನ್‌ವಾಲ್‌ಗೆ ಹೋದರೆ ಅಲ್ಲಿನ ನೆಲ ಹೊಸದಾಗಿ ಕಾಣುತ್ತದೆ. ಡಾರ್ಟ್‌ಮೂರ್‌ನಿಂದ ಸಿಲಿ ದ್ವೀಪಗಳವರೆಗೆ ಗ್ರಾನೈಟ್ ಗುಡ್ಡಗಳು ಬಿಡಿಬಿಡಿಯಾಗಿ ತಲೆಯೆತ್ತಿವೆ, ಕೆಳಗೆ ಎಲ್ಲವೂ ಒಂದೇ ದೊಡ್ಡ ರಾಶಿ. ಖನಿಜಗಳ ವಯಸ್ಸು ನೋಡಿದರೆ ಅದು ಒಂದೇ ಸಲಕ್ಕೆ ಬಂದದ್ದಲ್ಲ. ಕಾರ್ನ್‌ಮೆನೆಲಿಸ್ ಗ್ರಾನೈಟ್ ಸುಮಾರು 29.3 ಕೋಟಿ ವರ್ಷ ಹಿಂದಿನದು, ಲ್ಯಾಂಡ್ಸ್ ಎಂಡ್ ಗ್ರಾನೈಟ್ ಸುಮಾರು 27.5 ಕೋಟಿ ವರ್ಷ ಹಿಂದಿನದು. ಮೊದಲು ಬಂದ ಪಾಕ ಕೆಸರುಕಲ್ಲಿನ ಬಿಳಿ ಅಭ್ರಕ ಕರಗಿ ಹುಟ್ಟಿದ್ದು. ಆಮೇಲೆ ಬಂದದ್ದಕ್ಕೆ ಇನ್ನೂ ಹೆಚ್ಚಿನ ಬೇಗೆ ಬೇಕಾಯಿತು, ಆಗ ಕರಗಿದ್ದು ಕರಿ ಅಭ್ರಕ. ತವರ ಹೆಚ್ಚಾಗಿ ಅವಿತಿರುವುದು ಅಭ್ರಕದಲ್ಲೇ. ಮೊದಲ ಕರಗುವಿಕೆಯಲ್ಲಿ ಕರಿ ಅಭ್ರಕ ಕರಗದೆ ಕೆಳಗೆ ಉಳಿದರೆ ತವರವೂ ಅದರ ಜೊತೆ ಅಲ್ಲೇ ಉಳಿಯುತ್ತದೆ. ಎರಡನೆಯ ಬೇಗೆ ಅದನ್ನು ಬಿಡಿಸಿ ತರುತ್ತದೆ. ಮೂಲದ ಕೆಸರಿನಲ್ಲಿ ತವರ ಎಷ್ಟಿತ್ತು ಎಂಬುದರ ಜೊತೆಗೆ, ಅದನ್ನು ಹಿಡಿದಿಟ್ಟ ಖನಿಜ ಕರಗಿತೇ ಎಂಬುದೂ ಅಷ್ಟೇ ಮುಖ್ಯವಾಯಿತು. ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ನಾನು ಕೊಡುವ ಉತ್ತರವೂ ಇದೇ: ಮೂಲಕ್ಕೆ ಸ್ವಲ್ಪ ಪಾಲು, ದಾರಿಗೆ ದೊಡ್ಡ ಪಾಲು.

ಕಾರ್ನ್‌ವಾಲ್‌ನ ಡೊಲ್‌ಕೋತ್ ಗಣಿಯಲ್ಲಿ ಮೊದಲು ತೆಗೆದದ್ದು ತಾಮ್ರ. ಹತ್ತೊಂಬತ್ತನೆಯ ಶತಮಾನದಲ್ಲಿ ತಾಮ್ರ ಮುಗಿಯುತ್ತಾ ಬಂದಾಗ ಅದರ ಕೆಳಗೆ ತವರ ಸಿಕ್ಕಿತು. 1920ರಲ್ಲಿ ಮುಚ್ಚುವ ಹೊತ್ತಿಗೆ ಅದು ಒಂದು ಕಿಲೋಮೀಟರ್ ಆಳ ಮುಟ್ಟಿತ್ತು. ಬಿಸಿನೀರು ಗ್ರಾನೈಟ್‌ನಿಂದ ದೂರ ಹೋಗುತ್ತಾ ತಣಿದಂತೆ ಮೊದಲು ತವರ, ಆಮೇಲೆ ತಾಮ್ರ, ಇನ್ನೂ ದೂರದಲ್ಲಿ ಸೀಸ-ಸತುವು ಕೂರುತ್ತವೆ ಎಂಬುದು ಇಂದು ಪಾಠಪುಸ್ತಕದ ವಿಷಯ. ಆ ಕಾಲದ ಗಣಿ ಮುಖ್ಯಸ್ಥರು ಅದನ್ನು ಕಲಿತದ್ದು ಗುದ್ದಲಿಯ ತುದಿಯಿಂದ.

ಕನ್ನಡ ನಾಡಿಗೆ ಈ ಜನ ಅಪರಿಚಿತರಲ್ಲ. ತಾಮ್ರ, ತವರಗಳ ಬೆಲೆ ಕುಸಿದು ಊರಲ್ಲಿ ಕೆಲಸ ತಪ್ಪಿದಾಗ ಅವರು ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಿಗೆ ಹೋದ ಹಾಗೆ ಕೋಲಾರಕ್ಕೂ ಬಂದರು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೆಜಿಎಫ್‌ನ ಗಣಿಗಳನ್ನು ನಡೆಸಲು ತೊಡಗಿದಾಗ ಮೇಲ್ವಿಚಾರಣೆಗೆ ಕರೆತಂದವರಲ್ಲಿ ಕಾರ್ನ್‌ವಾಲ್‌ನ ಗಣಿಗಾರರು ಬಹಳ. ತವರದ ನಾಳಗಳಲ್ಲಿ ಕಲಿತ ವಿದ್ಯೆ ಚಿನ್ನದ ನಾಳಗಳಲ್ಲಿ ಬಳಕೆಯಾಯಿತು. ಆ ವಿದ್ಯೆಗೆ ಬೆವರು ಸುರಿಸಿದವರು ಕೋಲಾರ, ಆರ್ಕಾಟ್, ಚಿತ್ತೂರು ಕಡೆಯ ಕೂಲಿಗಳು ಎಂಬುದನ್ನು ಇಲ್ಲಿ ಹೇಳದೆ ಹೋದರೆ ತಪ್ಪಾಗುತ್ತದೆ. ಕಾರ್ನ್‌ವಾಲ್‌ನ ದೊಡ್ಡ ತವರದ ಗಣಿಗಳಲ್ಲಿ ಕೊನೆಯದಾದ ಸೌತ್ ಕ್ರಾಫ್ಟಿ 1998ರಲ್ಲಿ ಮುಚ್ಚಿತು, ಕೆಜಿಎಫ್ 2001ರಲ್ಲಿ. ಸೌತ್ ಕ್ರಾಫ್ಟಿಯನ್ನು ಮತ್ತೆ ತೆರೆಯುವ ಕೆಲಸ ಈಗ ನಡೆದಿದೆ.

ಹಾಗಾದರೆ ನಮ್ಮ ಗ್ರಾನೈಟ್‌ನಲ್ಲಿ ತವರ ಯಾಕಿಲ್ಲ ಎಂದು ಓದುಗರು ಕೇಳಬಹುದು. ರಾಮನಗರದ ಬೆಟ್ಟಗಳಾಗಿ ನಿಂತಿರುವ ಕ್ಲೋಸ್‌ಪೇಟ್ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು, ಉತ್ತರ-ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಉದ್ದ. ಅದರ ಖನಿಜಗಳನ್ನು ನೋಡಿ: ಹಾರ್ನ್‌ಬ್ಲೆಂಡ್ ಇದೆ, ಮ್ಯಾಗ್ನೆಟೈಟ್ ಇದೆ, ಟೈಟನೈಟ್ ಇದೆ. ಅದರ ಹುಟ್ಟಿನಲ್ಲಿ ಮ್ಯಾಂಟಲ್‌ನಿಂದ ಬಂದ ಪಾಕದ ಪಾಲೂ ಇದೆ. ತವರ ಬಂದರೆ ಚಿಟಿಕೆ ಚಿಟಿಕೆಯಾಗಿ ಹಂಚಿಕೊಳ್ಳುವ ಖನಿಜಗಳೇ ಇವು. ಇನ್ನೊಂದು ಕಾರಣ ಕಾಲ. ತವರದ ನಾಳಗಳು ಗ್ರಾನೈಟ್ ರಾಶಿಯ ನೆತ್ತಿಯಲ್ಲಿ ಹುಟ್ಟುತ್ತವೆ. ಕ್ಲೋಸ್‌ಪೇಟ್‌ನ ದಕ್ಷಿಣ ಭಾಗದಲ್ಲಿ ನಾವಿಂದು ಕಾಣುತ್ತಿರುವುದು ಆ ರಾಶಿಯ ಆಳದ ಬೇರು, ನೆತ್ತಿ ಎಂದೋ ಸವೆದು ನದಿಗಳ ಪಾಲಾಗಿದೆ. ಯೋಗ್ಯ ಗ್ರಾನೈಟ್ ಇದ್ದಲ್ಲೂ ಸವಕಳಿ ಹೆಚ್ಚಾದರೆ ತವರ ಹೋಯಿತು, ಸವಕಳಿ ಸಾಲದಿದ್ದರೆ ಅದು ಆಳದಲ್ಲೇ ಅಡಗಿ ಉಳಿಯಿತು. ಮಲೇಷ್ಯಾದ ಕಿಂಟಾ ಕಣಿವೆಯಲ್ಲಿ ಸವೆದ ನಾಳಗಳ ಕ್ಯಾಸಿಟರೈಟ್ ನೀರಿಗಿಂತ ಏಳು ಪಟ್ಟು ತೂಕದ್ದಾದ್ದರಿಂದ ಹೊಳೆಯ ಜಲ್ಲಿಯಲ್ಲೇ ನಿಂತು ಆ ದೇಶವನ್ನು ಒಂದು ಕಾಲಕ್ಕೆ ಜಗತ್ತಿನ ಮೊದಲ ತವರ ಉತ್ಪಾದಕನನ್ನಾಗಿ ಮಾಡಿತು. ಅಂಥ ಅದೃಷ್ಟ ಎಲ್ಲರಿಗೂ ಇಲ್ಲ.

ಭಾರತದಲ್ಲಿ ತವರದ ಅದಿರು ತೆಗೆಯುತ್ತಿರುವುದು ಛತ್ತೀಸಗಢದ ಬಸ್ತರ್ ಸೀಮೆಯಲ್ಲಿ. ಅಲ್ಲಿ ದಾಂತೇವಾಡ, ಸುಕ್ಮಾ ಕಡೆಯ ಆದಿವಾಸಿಗಳು ಹೊಳೆ, ಗದ್ದೆಗಳ ಮಣ್ಣನ್ನು ತೊಳೆದು ಕರಿ ಕ್ಯಾಸಿಟರೈಟ್ ಆರಿಸುತ್ತಾರೆ. ಅದರ ಮೂಲ ಲಿಥಿಯಂ ಅಭ್ರಕವಿರುವ ಪೆಗ್ಮಟೈಟ್ ನಾಳಗಳು. ಪೆಗ್ಮಟೈಟ್ ಎಂದರೆ ಪಾಕದ ಕೊನೆಯ ಹನಿಗಳು ದೊಡ್ಡ ದೊಡ್ಡ ಹರಳುಗಳಾಗಿ ಗಟ್ಟಿಯಾದ ಶಿಲೆ. ಅಂಥ ಪೆಗ್ಮಟೈಟ್ ಕರ್ನಾಟಕದಲ್ಲೂ ಇದೆ. ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಪ್ರದೇಶದಲ್ಲಿ 1,600 ಟನ್ ಲಿಥಿಯಂ ಇರುವ ಅಂದಾಜನ್ನು ಪರಮಾಣು ಖನಿಜ ನಿರ್ದೇಶನಾಲಯ ಕೊಟ್ಟಿದೆ, ಮೇಲ್ಮೈ ಸಮೀಕ್ಷೆ ಮತ್ತು ಸೀಮಿತ ಆಳದ ಶೋಧದ ಮೇಲೆ. ಸುದ್ದಿಯೆಲ್ಲ ಆ ಟನ್ನುಗಳ ಸುತ್ತಲೇ ನಡೆಯಿತು. ಆದರೆ ಆ ಕಲ್ಲಿನ ಅಭ್ರಕ, ಫೆಲ್ಡ್‌ಸ್ಪಾರ್‌ಗಳಲ್ಲಿ ರುಬಿಡಿಯಂ ಎಷ್ಟು, ಸೀಸಿಯಂ ಎಷ್ಟು, ತವರ, ಟ್ಯಾಂಟಲಂ ಎಷ್ಟು ಎಂಬ ಲೆಕ್ಕವೇ ಅದರ ಪಾಕ ಎಷ್ಟು ದೂರ ಸಾಗಿ ಬಂದಿತ್ತು ಎಂಬುದನ್ನು ಹೇಳುವುದು. ಸುತ್ತ ಇನ್ನೆಲ್ಲಿ ಹುಡುಕಬೇಕು, ಎಲ್ಲಿ ಕೊರೆಯುವುದೇ ಬೇಡ ಎಂಬುದು ಗೊತ್ತಾಗುವುದೂ ಅದರಿಂದಲೇ. ಕೊರೆಯದೆ ಬಿಟ್ಟ ಪ್ರತಿ ಬಾವಿಯೂ ರೈತರ ಹೊಲವನ್ನು, ಸರ್ಕಾರದ ಹಣವನ್ನು ಉಳಿಸುತ್ತದೆ. ಆ ಮಾದರಿಗಳೂ ಅಂಕಿಗಳೂ ಮಾನಸಗಂಗೋತ್ರಿಯಂಥ ನಮ್ಮ ವಿಶ್ವವಿದ್ಯಾಲಯಗಳ ಭೂವಿಜ್ಞಾನ ವಿಭಾಗಗಳಿಗೆ, ಅಲ್ಲಿನ ವಿದ್ಯಾರ್ಥಿಗಳ ಕೈಗೆ ಸಿಗುವಂತೆ ಸರ್ಕಾರ ಮಾಡಬೇಕು.